ತಾಳಮದ್ದಳೆಯ ಅಡಿಯಲ್ಲಿದ್ದ ಹಾಡು

ಪಾಣೆಮಂಗಳೂರಿನಲ್ಲಿ ನನ್ನ ಸೋದರಮಾವನದ್ದು ಪಂಪು ರಿಪೇರಿಯ ಅಂಗಡಿ. ಹೊಳೆಬದಿಯ ತೋಟಗಳಲ್ಲಿ ಸುಟ್ಟುಹೋದ ಮೋಟಾರುಗಳೆಲ್ಲ ಅಲ್ಲಿಗೇ ಬರುತ್ತವೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ತಾಮ್ರದ ತಂತಿಯ ಸುರುಳಿಗಳ ನಡುವೆ, ಒಂದು ವಿಸಿಆರ್ ಕೂತಿದೆ. ಅದು ಈಗಲೂ ಓಡುತ್ತದೆ. ಬಂಟ್ವಾಳದ ಸುತ್ತ ಓಡುವ ವಿಸಿಆರ್ ಇನ್ನೊಂದು ಇದ್ದರೆ ನನಗೆ ಗೊತ್ತಿಲ್ಲ. ನಾನು ವಿಚಾರಿಸಿದ ಮನೆಗಳಲ್ಲಿ ಅದರ ಮೇಲೆ ಹೂದಾನಿ ಇಟ್ಟವರಿದ್ದರು, ಓಡಿಸುವವರು ಇರಲಿಲ್ಲ.

ಮೂರು ವರ್ಷಗಳ ಹಿಂದೆ, ಒಂದು ಭಾನುವಾರ, ಮಾವ ಅದರ ಬೆಲ್ಟು ಬದಲಿಸಿ, ಸರಿಯಾಯಿತೋ ಎಂದು ನೋಡಲು ಕೈಗೆ ಸಿಕ್ಕಿದ ಒಂದು ಕ್ಯಾಸೆಟ್ ಹಾಕಿದರು. ಕಪ್ಪು ಬಿಳುಪಿನ ಚಿತ್ರ. ಉದ್ದ ಕೂದಲಿನ ನಾಲ್ವರು ಹುಡುಗರು ಯಾವುದೋ ಮೈದಾನದಲ್ಲಿ ಗಿಟಾರ್ ಬಾರಿಸುತ್ತಿದ್ದರು. ಡ್ರಮ್ಸ್ ಬಾರಿಸುವವನ ಒಂದು ಕೋಲು ಕೈಜಾರಿ ಬಿತ್ತು. ಅವನು ಹಾಡು ನಿಲ್ಲಿಸದೆ ಒಂದು ಕೈಯ ಕೋಲಿನಿಂದ, ಇನ್ನೊಂದರ ಬರಿಯ ಅಂಗೈಯಿಂದ ಬಾರಿಸತೊಡಗಿದ. ನಾನು ಚಪ್ಪಲಿಯನ್ನೂ ಕಳಚದೆ, ನಿಂತಲ್ಲೇ ಇಡೀ ಸಿನಿಮಾ ನೋಡಿದೆ. ಇಂಟರ್‌ನೆಟ್ಟಿನಲ್ಲಿ ಸಿಗದ್ದು ಇಲ್ಲ ಎಂದುಕೊಂಡಿದ್ದವಳು ನಾನು. ಮನೆಗೆ ಹೋಗಿ ಹುಡುಕಿದೆ, ಮರುದಿನ ಹುಡುಕಿದೆ. ಆ ಸಿನಿಮಾ ಎಲ್ಲಿಯೂ ಇಲ್ಲ. ಹುಚ್ಚು ಹಿಡಿದದ್ದು ಅಂದಿನಿಂದ.

ನನ್ನ ಕೆಲಸ ಮೆಲ್ಕಾರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ದಿನವಿಡೀ ಸಣ್ಣ ಗಾಜಿನ ಕೊಳವೆಗಳ ಮೇಲೆ ತಾರೀಕು, ಹೊತ್ತು, ಕ್ರಮಸಂಖ್ಯೆ ಬರೆದು ಬರೆದು ಆ ಚಾಳಿ ಮನೆಗೂ ಬಂದಿದೆ. ಡೈರಿಯಲ್ಲಿ ಎಲ್ಲಕ್ಕೂ ಲೆಕ್ಕವಿದೆ. ಈವರೆಗೆ ಸಿಕ್ಕಿದ ಹಳೆಯ ರಾಕ್ ಸಿನಿಮಾದ ಕ್ಯಾಸೆಟ್ಟುಗಳು ಹನ್ನೊಂದು. ಬೂಷ್ಟು ಹಿಡಿದು ಹಾಳಾದವು ನಾಲ್ಕು. ಉಳಿದ ಏಳರಲ್ಲಿ ಹೆಸರು ಗೊತ್ತಾದದ್ದು ಮೂರಕ್ಕೆ ಮಾತ್ರ. ಹೆಸರಿಲ್ಲದವಕ್ಕೆ ನಾನೇ ಹೆಸರಿಟ್ಟಿದ್ದೇನೆ: ಕೋಲು ಬೀಳುವ ಸಿನಿಮಾ, ನಾಯಿ ಬರುವ ಸಿನಿಮಾ, ಎಲ್ಲರಿಗೂ ನೆಗಡಿಯಾದ ಸಿನಿಮಾ, ಹಾಗೆ.

ನಾಯಿ ಬರುವ ಸಿನಿಮಾ ಸಿಕ್ಕಿದ್ದು ವಿಟ್ಲದಲ್ಲಿ, ನನ್ನ ಸಹಪಾಠಿಯೊಬ್ಬಳ ಮನೆಯಲ್ಲಿ. ಅವಳ ತಂದೆ ಒಂದು ಕಾಲದಲ್ಲಿ ಗಲ್ಫಿನಲ್ಲಿದ್ದವರು. ಕ್ಯಾಸೆಟ್ಟಿನ ಮೇಲೆ ‘ಗೃಹಪ್ರವೇಶ’ ಎಂದು ಬರೆದಿತ್ತು. ನಾನು ಅದನ್ನು ತಂದದ್ದು ಅದರ ಕಂಪನಿಯ ಹಳೆಯ ಡಬ್ಬಿಯ ಆಸೆಗೆ. ಹಾಕಿ ನೋಡಿದರೆ ಹೋಮ, ಹೊಗೆ, ಊಟದ ಪಂಕ್ತಿ, ಕೊನೆಗೆ ಕೈ ತೊಳೆಯುವ ನಳ್ಳಿ. ನಳ್ಳಿಯ ಚಿತ್ರ ಮುಗಿದು ಪರದೆಯ ಮೇಲೆ ಹಿಮ ಬಿದ್ದ ಹಾಗಾಯಿತು. ಅದಾದ ಮೇಲೆ ಇದ್ದಕ್ಕಿದ್ದಂತೆ ಬಣ್ಣದ ದೀಪ, ಗಿಟಾರ್, ವೇದಿಕೆಯ ಮೇಲೆ ಅಡ್ಡಾಡುವ ಒಂದು ನಾಯಿ.

ಆ ಕಾಲದಲ್ಲಿ ನಮ್ಮ ಕಡೆ ಖಾಲಿ ಕ್ಯಾಸೆಟ್ ಸುಲಭದಲ್ಲಿ ಸಿಗುತ್ತಿರಲಿಲ್ಲವಂತೆ. ಗಲ್ಫಿನಿಂದ ಬಂದವರು ತಂದ ಸಿನಿಮಾವೋ ಹಾಡೋ ಒಂದೆರಡು ಸಲ ನೋಡಿ ಕೇಳಿ ಆದ ಮೇಲೆ, ಅದರ ಮೇಲೆಯೇ ಮನೆಯ ಕಾರ್ಯಕ್ರಮವನ್ನು ರೆಕಾರ್ಡ್ ಮಾಡುತ್ತಿದ್ದರು. ಹಾಗೆ ಮಾಡಬಾರದೆಂದು ಕಂಪನಿಯವರು ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ತುಣುಕನ್ನು ಮುರಿದಿರುತ್ತಿದ್ದರು. ಆ ತೂತಿಗೆ ಗಮ್ ಟೇಪ್ ಅಂಟಿಸಿದರೆ ಆಯಿತು. ಈ ವಿದ್ಯೆ ಊರಿನ ಎಲ್ಲ ಮನೆಗಳಿಗೂ ಗೊತ್ತಿತ್ತು. ನಾನು ಕಲಿತದ್ದು ಇಷ್ಟು: ಮೇಲಿನದು ಬೇಗ ಮುಗಿದರೆ ಅಡಿಯಲ್ಲಿದ್ದದ್ದು ತಲೆಯೆತ್ತುತ್ತದೆ.

ಇದನ್ನು ಮಾವನಿಗೆ ಹೇಳಿದಾಗ ಅವರು ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟರು.

“ಹಾಗಾದರೆ ನನ್ನ ಹಾಡೂ ಎಲ್ಲಿಯಾದರೂ ಉಂಟಾ?”

ಮಾವನ ಹಾಡು ನಮ್ಮ ಕುಟುಂಬದ ಹಳೆಯ ತಮಾಷೆ. ಅವರು ಮೂಡುಬಿದಿರೆಯಲ್ಲಿ ಓದುತ್ತಿದ್ದಾಗ ನಾಲ್ವರು ಗೆಳೆಯರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಒಂದೇ ಒಂದು ಸಲ, ಅಲ್ಲಿನ ಒಂದು ಹಾಲ್‌ನಲ್ಲಿ, ಜನರ ಮುಂದೆ ಬಾರಿಸಿದ್ದರು. ಕೊನೆಯ ಹಾಡು ತುಳುವಿನದು, ಬರೆದು ರಾಗ ಹಾಕಿದ್ದು ತಾನೇ ಎಂದು ಮಾವ ಹೇಳುತ್ತಾರೆ. ಬಾರದ ಬಸ್ಸಿಗೆ ಕಾಯುವವರ ಹಾಡು. ತುಳುವಿನಲ್ಲಿ ರಾಕ್ ಹಾಡು, ಅದೂ ನಲವತ್ತು ವರ್ಷದ ಹಿಂದೆ! ಯಾರೂ ನಂಬುವುದಿಲ್ಲ. ಮದುವೆ ಮನೆಗಳಲ್ಲಿ ಮಾವ ಮೈಕಿನ ಹತ್ತಿರ ಸುಳಿದರೆ ಸಾಕು, “ಆ ಇಲ್ಲದ ಹಾಡು ಹಾಡ್ತಾರಾ ಹೇಗೆ?” ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಾರೆ.

ಎಲ್ಲರಿಗಿಂತ ಹೆಚ್ಚು ಕೇಳುವವರು ಬೆಳ್ತಂಗಡಿಯ ದೊಡ್ಡಪ್ಪ. ಅಮ್ಮನ ಅಕ್ಕನ ಗಂಡ, ಮಾವನಿಗೆ ಭಾವ. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ತಾಳಮದ್ದಳೆಯ ಮರುಳರು. ವೇಷ ಕುಣಿತ ಏನೂ ಇಲ್ಲದೆ, ಬರಿಯ ಹಾಡು ಮತ್ತು ಮಾತಿನ ಜಗಳದಲ್ಲಿ ಗಂಟೆಗಟ್ಟಲೆ ನಡೆಯುವ ಆ ಕಲೆಯನ್ನು ಅವರು ಊರೂರು ಸುತ್ತಿ ಟೇಪ್ ಮಾಡಿದ್ದಾರೆ. ಅವರ ಹತ್ತಿರ ಆ ಕಾಲಕ್ಕೇ ದುಬೈಯಿಂದ ಬಂದ ಒಳ್ಳೆಯ ಟೇಪ್ ರೆಕಾರ್ಡರ್ ಇತ್ತು. ಮಾವನ ಬ್ಯಾಂಡಿನ ಕಾರ್ಯಕ್ರಮವನ್ನು ಟೇಪ್ ಮಾಡಿದ್ದೂ ಅವರೇ, ಏಕೆಂದರೆ ಆ ಯಂತ್ರವನ್ನು ಬೇರೆಯವರು ಮುಟ್ಟಲು ಅವರು ಬಿಡುತ್ತಿರಲಿಲ್ಲ. ಮುಂದಿನ ವಾರವೇ ಒಂದು ತಾಳಮದ್ದಳೆಗೆ ಹೋಗುವಾಗ ಕ್ಯಾಸೆಟ್ ಸಾಲದೆ, ಬ್ಯಾಂಡಿನ ಮೇಲೆ ತಾಳಮದ್ದಳೆ ಹಾಕಿದರು. ಅದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. “ಗಲಾಟೆ ಅಳಿಸಿ ಜ್ಞಾನ ತುಂಬಿಸಿದೆ” ಎಂದು ನಗುತ್ತಾ ಹೇಳುತ್ತಾರೆ.

ನಮ್ಮ ಮನೆಮಾತು ತುಳು. ಇವರೆಲ್ಲರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಗುಳದ ರುಚಿ ಒಂದಿಷ್ಟು ಕಡಿಮೆಯಾಗಿರಬಹುದು.

ಮೊದಲು ಹಾಡು ಇತ್ತೆನ್ನುವುದಕ್ಕೆ ಇನ್ನೊಬ್ಬರ ಸಾಕ್ಷಿ ಬೇಕೆಂದು ನನಗನ್ನಿಸಿತು. ಲ್ಯಾಬಿನವಳ ಬುದ್ಧಿ; ಒಂದೇ ಪರೀಕ್ಷೆಯ ಫಲಿತಾಂಶವನ್ನು ನಾವು ನಂಬುವುದಿಲ್ಲ. ದೊಡ್ಡಪ್ಪನನ್ನು ಕೇಳಿದರೆ ಲೇವಡಿಯಷ್ಟೇ ಸಿಗುತ್ತದೆ. ಬ್ಯಾಂಡಿನ ಹಾಡುಗಾರ ತೀರಿಹೋಗಿದ್ದಾರೆ. ಮಾವನ ಜೊತೆ ಗಿಟಾರ್ ಬಾರಿಸುತ್ತಿದ್ದ ಇನ್ನೊಬ್ಬರು ಎಲ್ಲಿದ್ದಾರೆಂದು ಯಾರಿಗೂ ತಿಳಿಯದು. ಉಳಿದವರು ಡ್ರಮ್ಸ್ ಬಾರಿಸುತ್ತಿದ್ದವರು. ಮೂಡುಬಿದಿರೆಯಲ್ಲಿ ಬೇಕರಿ ಇಟ್ಟುಕೊಂಡಿದ್ದಾರೆ. ಜೂನ್ ತಿಂಗಳ ಒಂದು ಶನಿವಾರ ಅರ್ಧ ರಜೆ ಹಾಕಿ ಹೋದೆ. ಅವರು ನನಗೆ ಎರಡು ಪಫ್ಸ್ ಕೊಟ್ಟು, ಮಾವನ ಆರೋಗ್ಯ ವಿಚಾರಿಸಿ, ಹಾಡಿನ ಮಾತು ತೆಗೆದ ಕೂಡಲೇ ಹೊಟ್ಟೆ ಹಿಡಿದು ನಕ್ಕರು.

“ತುಳುವಿನಲ್ಲಾ? ನಿನ್ನ ಮಾವನಿಗೆ ಮರ್ಲ್! ನಾವು ಬಾರಿಸಿದ್ದು ಇಂಗ್ಲಿಷಿನದ್ದು ಮಾತ್ರ ಮಗಾ. ಆಗ ತುಳುವಿನಲ್ಲಿ ಬಾರಿಸಿದ್ದರೆ ಹುಡುಗಿಯರು ಎದ್ದು ಹೋಗ್ತಿದ್ದರು.”

“ಬಸ್ಸಿನ ಹಾಡು ಅಂತ ಮಾವ ಹೇಳ್ತಾರೆ.”

“ಬಸ್ಸಿಗೆ ಕಾದದ್ದು ಹೌದು. ಡ್ರಮ್ಸ್ ಹಿಡಿದುಕೊಂಡು ಎರಡು ಗಂಟೆ ಕಾದಿದ್ದೇವೆ. ಹಾಡಿದ್ದು ನೆನಪಿಲ್ಲ.”

ಇದನ್ನು ಮಾವನಿಗೆ ಹೇಳಬೇಕೋ ಬೇಡವೋ ಎಂದು ಬಸ್ಸಿನಲ್ಲಿಡೀ ಯೋಚಿಸಿದೆ. ಆದರೆ ಅವರು ಅಂಗಡಿಯ ಮೆಟ್ಟಿಲಲ್ಲೇ ಕಾಯುತ್ತಿದ್ದರು. ಹೇಳಿದೆ.

“ಅವನು ಡ್ರಮ್ಸಿನ ಹಿಂದೆ ಕೂತವ. ಅವನಿಗೆ ಎಂತ ಕೇಳ್ತದೆ, ಮಣ್ಣು!” ಎಂದು ಮಾವ ರೇಗಿದರು. ಒಂದು ಮೋಟಾರಿನ ಮುಚ್ಚಳ ಬಿಚ್ಚಿದರು, ಮತ್ತೆ ಹಾಕಿದರು. ನನ್ನ ಕಡೆ ನೋಡದೆ ಕೇಳಿದರು: “ಒಂದು ವೇಳೆ ನಾನೇ ಆಮೇಲೆ ಕಟ್ಟಿಕೊಂಡದ್ದಾ ಮಾರಾಯ್ತಿ? ಹೇಳಿ ಹೇಳಿ ನಿಜ ಅಂತ ಆಗಿಬಿಟ್ಟದ್ದಾ?”

ನಾನು ಮೇಜಿನ ಮೇಲೆ ಚೆದುರಿದ್ದ ಸ್ಕ್ರೂಗಳನ್ನು ಒಟ್ಟುಮಾಡಿ ಅವರ ಕೈಗೆ ಕೊಟ್ಟೆ.

“ರಿಪೇರಿ ಮಾಡಿದ ಪಂಪಿಗೆ ಲೆಕ್ಕ ಇಲ್ಲ. ಎಲ್ಲ ಬೇರೆಯವರು ಮಾಡಿದ್ದನ್ನು ಸರಿ ಮಾಡಿದ್ದು. ನಾನೇ ಅಂತ ಮಾಡಿದ್ದು ಅದೊಂದು.”

ನಲವತ್ತು ವರ್ಷ ದೊಡ್ಡಪ್ಪನ ಲೇವಡಿಗೆ ಅಲುಗದಿದ್ದವರು ಗೆಳೆಯನ ಒಂದು ಮಾತಿಗೆ ಕುಸಿದಿದ್ದರು. ಅಂದಿನಿಂದ ಅವರು ಹಾಡಿನ ಸುದ್ದಿ ಎತ್ತಲಿಲ್ಲ. ನಾನು ಬೆಳ್ತಂಗಡಿಗೆ ಹೋಗುತ್ತೇನೆ ಎಂದಾಗಲೂ “ಹೋಗು, ದೊಡ್ಡಮ್ಮನ ಕೈಯ ಊಟವಾದರೂ ಸಿಗ್ತದೆ” ಎಂದಷ್ಟೇ ಹೇಳಿದರು.

ದೊಡ್ಡಪ್ಪನ ಮನೆ ಬೆಳ್ತಂಗಡಿಯ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿದೆ. ಕ್ಯಾಸೆಟ್ಟುಗಳು ಒಂದು ಕಬ್ಬಿಣದ ಕಪಾಟಿನಲ್ಲಿ, ತಂಡಿ ಹಿಡಿಯದಂತೆ ಒಳಗೊಂದು ಸಣ್ಣ ಬಲ್ಬು ಉರಿಸಿಟ್ಟು, ಸಾಲಾಗಿ ನಿಂತಿವೆ. ಪ್ರತಿಯೊಂದರ ಮೇಲೂ ಪ್ರಸಂಗ, ಊರು, ತಾರೀಕು. ಅಕ್ಷರ ನಕ್ಷೆಯ ಮೇಲಿನ ಅಕ್ಷರದ ಹಾಗೆ. ಹುಡುಕಲು ಬಂದವಳೆಂದು ತಿಳಿದು ಅವರು ಖುಷಿಯಾದರು. ಏನು ಹುಡುಕಲು ಎಂದು ತಿಳಿದು ಹುಬ್ಬು ಗಂಟಿಕ್ಕಿದರು.

“ಅವನ ಟಪ್ಪಾಂಗುಚ್ಚಿಗಾ? ಅದು ಅಳಿಸಿಹೋಗಿದೆ. ಯಾವ ತಾರೀಕು, ಯಾವ ಕ್ಯಾಸೆಟ್ ಅಂತಲೂ ನೆನಪಿಲ್ಲ.”

“ಪೂರ್ತಿ ಅಳಿಸಿದ್ದೀರಾ ದೊಡ್ಡಪ್ಪ? ಕೊನೆಯ ತನಕ?”

ಅವರು ನೇರವಾಗಿ ಕೂತರು. ಇದು ಅವರ ವಿದ್ಯೆಯ ಪ್ರಶ್ನೆ.

“ಕೊನೆಯ ತನಕ ಯಾರು ಮಾಡ್ತಾರೆ? ಒಬ್ಬರು ತಮ್ಮ ಪಾತ್ರದ ಅರ್ಥ ಹೇಳ್ತಾ ಇರುವಾಗ, ಒಳ್ಳೆಯ ವಾದ ನಡೀತಾ ಇರುವಾಗ, ಟಕ್ ಅಂತ ಕ್ಯಾಸೆಟ್ ನಿಂತರೆ ಹೇಗೆ? ಅವರ ಮಾತಿನ ಮಧ್ಯೆ ಕತ್ತರಿ ಹಾಕಿದ ಹಾಗೆ. ಕ್ಯಾಸೆಟ್ಟಿನ ಒಂದು ಬದಿಗೆ ನಲವತ್ತೈದು ನಿಮಿಷ; ನಲವತ್ತು ಆದ ಮೇಲೆ ಒಬ್ಬರ ಮಾತು ಯಾವಾಗ ಮುಗಿಯಿತೋ ಆಗಲೇ ತಿರುಗಿಸಿಬಿಡುವುದು. ಒಂದು ವಾಕ್ಯವೂ ತುಂಡಾಗಬಾರದು. ಕೊನೆಗೆ ಮೂರು ನಾಲ್ಕು ನಿಮಿಷ ಖಾಲಿ ಉಳಿದರೆ ಉಳಿಯಲಿ.”

“ಖಾಲಿ ಅಲ್ಲ ದೊಡ್ಡಪ್ಪ. ಅದರಲ್ಲಿ ಮೊದಲಿದ್ದದ್ದು ಹಾಗೇ ಉಂಟು.”

ನಲವತ್ತು ವರ್ಷ ಆ ಕ್ಯಾಸೆಟ್ಟುಗಳನ್ನು ಕೇಳಿದವರು ಅವರು. ಮಾತು ಮುಗಿದ ಕೂಡಲೇ ನಿಲ್ಲಿಸಿ ತಿರುಗಿಸುವ ಅಭ್ಯಾಸದಲ್ಲಿ ಒಮ್ಮೆಯೂ ಬಾಲವನ್ನು ಕೇಳಿರಲಿಲ್ಲ!

ಕೇಳಲು ಒಪ್ಪಿದರು. ಆದರೆ ಅವರದ್ದೊಂದು ಕಟ್ಟುನಿಟ್ಟು: ಫಾರ್ವರ್ಡ್ ಒತ್ತಬಾರದು. ಹಳೆಯ ಟೇಪು ಎಳೆದರೆ ತುಂಡಾಗುತ್ತದೆ ಎನ್ನುವುದು ಒಂದು ಕಾರಣ. ದೊಡ್ಡ ದೊಡ್ಡ ಅರ್ಥಧಾರಿಗಳನ್ನು ಕೀಚು ಕೀಚು ಎಂದು ಓಡಿಸುವುದು ಮರ್ಯಾದೆಯಲ್ಲ ಎನ್ನುವುದು ನಿಜವಾದ ಕಾರಣ. ಹಾಗಾಗಿ ಮೂರು ನಿಮಿಷದ ಬಾಲಕ್ಕಾಗಿ ನಲವತ್ತು ನಿಮಿಷದ ತಾಳಮದ್ದಳೆ. ಒಂದು ಭಾನುವಾರಕ್ಕೆ ಹೆಚ್ಚೆಂದರೆ ಎಂಟು ಬದಿ. ನಾನು ರೆಕಾರ್ಡರಿಗೆ ಪಿನ್ನಿನ ತಂತಿ ಹಾಕಿ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸುತ್ತಾ ಹೋದೆ.

ಮೊದಲ ಭಾನುವಾರ ಬಾಲಗಳಲ್ಲಿ ಸಿಕ್ಕಿದ್ದು ಒಂದು ಕ್ರಿಕೆಟ್ ಕಾಮೆಂಟರಿ, ಯಾರದೋ ಮಗುವಿನ ಮಗ್ಗಿ, ಮತ್ತು ಗಲ್ಫಿಗೆ ಕಳಿಸಲೆಂದು ಮಾತನಾಡಿ ಕಳಿಸದೇ ಉಳಿದ ಒಂದು ಮಾತಿನ ಪತ್ರ. ಅದರಲ್ಲಿ ಒಬ್ಬ ಹೆಂಗಸು ಎರಡು ನಿಮಿಷ ಹಲಸಿನಕಾಯಿಯ ಬಗ್ಗೆಯೇ ಹೇಳುತ್ತಾರೆ. ಎರಡನೇ ಭಾನುವಾರ ನನಗೆ ಹಬ್ಬ. ಶಾರ್ಟ್‌ವೇವ್ ರೇಡಿಯೊದಿಂದ ಹಿಡಿದ ಎರಡು ಇಂಗ್ಲಿಷ್ ರಾಕ್ ಹಾಡುಗಳು ಸಿಕ್ಕವು. ಅಲೆಯ ಹಾಗೆ ಏರಿ ಇಳಿಯುವ ಸದ್ದು, ನಡುವೆ ಯಾವುದೋ ಭಾಷೆಯ ವಾರ್ತೆ. ಯಾವ ತಂಡವೆಂದು ಇವತ್ತಿಗೂ ಪತ್ತೆಯಾಗಿಲ್ಲ. ಮೂರನೆಯ ಭಾನುವಾರ ಬರಿಯ ಗೊರಗೊರ. ನಾನು ಸೋತಂತೆ ಕಂಡೆನೇನೋ, ದೊಡ್ಡಮ್ಮ ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಹಾಕಿದರು.

“ಇಲ್ಲದ್ದನ್ನು ಎಲ್ಲಿಂದ ತರುವುದು?” ಎಂದರು ದೊಡ್ಡಪ್ಪ. ಆದರೆ ಮುಂದಿನ ವಾರ ಯಾವ ಹೊತ್ತಿಗೆ ಬರುತ್ತೀ ಎಂದೂ ಕೇಳಿದರು.

ನಾಲ್ಕನೆಯ ಭಾನುವಾರ, ಊಟಕ್ಕೆ ಮೊದಲು, ಐದನೆಯ ಬದಿ. ಯಾವುದೋ ಯುದ್ಧದ ಪ್ರಸಂಗ. ವೃದ್ಧ ಸೇನಾಪತಿಯೊಬ್ಬ ತನ್ನ ರಾಜನಿಗೆ ಬುದ್ಧಿ ಹೇಳಿ ಹೇಳಿ, ಕೊನೆಗೆ ಒಂದು ನಿಟ್ಟುಸಿರಿಟ್ಟು ಸುಮ್ಮನಾದ. ಟಕ್. ದೊಡ್ಡಪ್ಪನ ಕೈ ಅಭ್ಯಾಸದಂತೆ ಗುಂಡಿಯ ಕಡೆ ಹೋಯಿತು, ನಾನು ತಡೆದೆ. ಮೊದಲು ಗಿಜಿಗುಟ್ಟುವ ಜನ. ಆಮೇಲೆ ಗಿಟಾರ್. ಸರಳವಾದ, ಸ್ವಲ್ಪ ಕುಂಟುವ ಲಯ. ಹೊಂಡದ ರಸ್ತೆಯಲ್ಲಿ ಬಸ್ಸು ಬರುವಂಥದ್ದೇ. ತೀರಿಹೋದ ಆ ಹಾಡುಗಾರನ ತೆಳ್ಳಗಿನ ಸ್ವರ ತುಳುವಿನಲ್ಲಿ ಕೇಳಿತು:

“ಬಸ್ಸ್ ಬತ್ತ್ಂಡಾ?”

ಬಸ್ಸು ಬಂತಾ ಎಂದು. ಇಡೀ ಹಾಲ್ ಒಂದೇ ಗಂಟಲಿನಲ್ಲಿ “ಇಜ್ಜಿ!” ಎಂದಿತು. ಇಲ್ಲ! ಆ ಎಲ್ಲ ಗಂಟಲುಗಳ ಮೇಲೆ, ರೆಕಾರ್ಡರಿನ ಮೈಕಿನ ಬುಡದಲ್ಲೇ, ಒಂದು ದಪ್ಪ ಗಂಟಲು. ಎರಡನೆಯ ಸಲ ಕೇಳಿದಾಗ ಆ ಗಂಟಲು ಎಲ್ಲರಿಗಿಂತ ಮೊದಲೇ ಕೂಗಿತು. ಮೂರನೆಯ ಸಲ “ಇಜ್ಜಿ ಮಾರಾಯಾ!” ಎಂದು ತನ್ನದೂ ಒಂದು ಸೇರಿಸಿತು.

ದೊಡ್ಡಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದರು.

“ಇದು ನಿಮ್ಮ ಸ್ವರ ಅಲ್ಲವಾ?”

“ಅಲ್ಲ” ಎಂದರು ದೊಡ್ಡಪ್ಪ.

“ಮತ್ತೆ ಯಾರದ್ದು? ಮೈಕು ಯಾರ ಕೈಯಲ್ಲಿತ್ತು?”

ದೊಡ್ಡಪ್ಪ ಯಂತ್ರದ ಕಡೆ ಬಗ್ಗಿದರು. ಅವರ ಕಿವಿಯ ತುದಿ ಕೆಂಪಾಗಿತ್ತು. ಇನ್ನೊಂದು ಚರಣ ಶುರುವಾಗಿ, ಗಿಟಾರ್ ಏರುತ್ತಿರುವಾಗಲೇ ಟೇಪು ತೀರಿ ಗುಂಡಿ ತಾನೇ ಮೇಲೆದ್ದಿತು. ಆಮೇಲೆ ದೊಡ್ಡಪ್ಪ ಎದ್ದು, ಕನ್ನಡಕ ಹುಡುಕಿ, ತಾವೇ ಫೋನು ಮಾಡಿದರು.

“ಹಲೋ, ನಾನು. ನಿನ್ನ ಬಸ್ಸು ಸಿಕ್ಕಿತು ಮಾರಾಯ. ಬಾ.”

ಮಾವ ಅಂಗಡಿಯ ಬಟ್ಟೆಯಲ್ಲೇ, ಗ್ರೀಸಿನ ಕೈಯಲ್ಲೇ ಸ್ಕೂಟರ್ ಹತ್ತಿ ಬಂದರು. ಪಾಣೆಮಂಗಳೂರಿನಿಂದ ಬೆಳ್ತಂಗಡಿಗೆ ಅಷ್ಟು ಬೇಗ ಬರಲು ಎಲ್ಲೆಲ್ಲಿ ಓವರ್‌ಟೇಕ್ ಮಾಡಿದರೋ ನಾನು ಕೇಳಲಿಲ್ಲ. ಕೈ ತೊಳೆದು ಕುರ್ಚಿಯ ತುದಿಯಲ್ಲಿ ಕೂತರು.

“ಹಾಕಿ.”

ದೊಡ್ಡಪ್ಪ ಕ್ಯಾಸೆಟ್ಟನ್ನು ಆಗಲೇ ಮೊದಲಿಗೆ ಸುತ್ತಿ ಇಟ್ಟಿದ್ದರು. ಅದೂ ಯಂತ್ರದಲ್ಲಲ್ಲ, ಪೆನ್ಸಿಲ್ ತೂರಿಸಿ, ಕೈಯಿಂದ. ಗುಂಡಿ ಒತ್ತಿದರು. ಚೆಂಡೆ ಮೊಳಗಿತು. ಭಾಗವತರು ಆಲಾಪನೆ ಎತ್ತಿದರು.

“ಇದು ಎಂತ ಭಾವ?”

“ಬರ್ತದೆ. ಮೊದಲು ಇದು ಆಗಲಿ.”

“ನನ್ನ ಹಾಡು ಹಾಕಿ ಮಾರಾಯ್ರೆ!”

“ಫಾರ್ವರ್ಡ್ ಮಾಡಿ ಟೇಪು ತುಂಡಾದರೆ? ನಲವತ್ತು ವರ್ಷ ಕಾದವನಿಗೆ ನಲವತ್ತು ನಿಮಿಷ ಕಷ್ಟವಾ?”

ನನ್ನ ಲ್ಯಾಪ್‌ಟಾಪಿನಲ್ಲಿ ಆ ಹಾಡು ಆಗಲೇ ಇತ್ತು. ಒಂದು ಕ್ಲಿಕ್ಕಿನಲ್ಲಿ ಕೇಳಿಸಬಹುದಿತ್ತು. ಬಾಯಿ ತೆರೆದೆ ಕೂಡ. ದೊಡ್ಡಪ್ಪ ನನ್ನ ಕಡೆ ನೋಡಿದ ರೀತಿಗೆ ಮುಚ್ಚಿದೆ. ಅವರು ಮಾವನನ್ನು ಕಾಡುತ್ತಿರಲಿಲ್ಲ. ತಮ್ಮ ಜೊತೆ ಕೂರಿಸಿಕೊಳ್ಳುತ್ತಿದ್ದರು.

ಮಾವ ಕುರ್ಚಿಯ ಕೈಯನ್ನು ಬೆರಳಲ್ಲಿ ಕುಟ್ಟುತ್ತಾ ಕೂತರು. ರಾಜ ತನ್ನ ವಂಶದ ಕತೆ ಶುರುಮಾಡಿದಾಗ ಎದ್ದು ನೀರು ಕುಡಿದು ಬಂದರು. ಸೇನಾಪತಿ ಬಾಯಿ ತೆರೆದಾಗ “ಈ ಅಜ್ಜ ಯಾವಾಗ ನಿಲ್ಲಿಸ್ತಾರೆ?” ಎಂದು ಕೇಳಿದರು. ಅದಾದ ಮೇಲೆ ಎಲ್ಲಿಯೋ, ಸೇನಾಪತಿಯ ಒಂದು ಚುಚ್ಚುಮಾತಿಗೆ ಅವರಿಗೇ ಗೊತ್ತಿಲ್ಲದೆ ನಕ್ಕುಬಿಟ್ಟರು. ದೊಡ್ಡಪ್ಪ ಅದನ್ನು ಗಮನಿಸದವರಂತೆ ಕಿಟಕಿಯ ಹೊರಗೆ ನೋಡಿದರು.

ನಿಟ್ಟುಸಿರು. ಟಕ್. ಗಿಟಾರ್.

ಮಾವ ನಗಲಿಲ್ಲ, ಅಳಲಿಲ್ಲ. ಎಡಗೈ ಬೆರಳುಗಳು ಮಾತ್ರ ತೊಡೆಯ ಮೇಲೆ, ತಂತಿ ಒತ್ತುವ ಹಾಗೆ, ಒಂದೊಂದೇ ಜಾಗ ಹುಡುಕತೊಡಗಿದವು. ಮೊದಲ “ಇಜ್ಜಿ!” ಬಂದಾಗ ಕತ್ತು ತಿರುಗಿಸಿ ದೊಡ್ಡಪ್ಪನನ್ನು ನೋಡಿದರು. ಎರಡನೆಯದಕ್ಕೆ ಮತ್ತೆ ನೋಡಿದರು. ಮೂರನೆಯದು ಆದ ಮೇಲೆ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡರು. ಟೇಪು ತೀರಿತು.

“ನನ್ನ ಗಿಟಾರಿನ ಶ್ರುತಿ ಸರಿ ಇಲ್ಲ” ಎಂದರು ಮೊದಲ ಮಾತಾಗಿ.

“ಅಂದೇ ಹೇಳಿದ್ದೆ” ಎಂದರು ದೊಡ್ಡಪ್ಪ.

“ಯಾವಾಗ ಹೇಳಿದ್ದು? ಹಾಡೇ ಇರಲಿಲ್ಲ ಅಂತ ಅಲ್ಲವಾ ಹೇಳಿದ್ದು ನೀವು ಇಷ್ಟು ವರ್ಷ?”

“ಹಾಡು ಇರಲಿಲ್ಲ ಅಂತ ನಾನು ಎಲ್ಲಿ ಹೇಳಿದೆ? ಇಟ್ಟುಕೊಳ್ಳುವ ಹಾಡಲ್ಲ ಅಂತ ಹೇಳಿದ್ದು.”

“ಮತ್ತೆ ಬೊಬ್ಬೆ ಹಾಕಿದ್ದು ಯಾರು? ನಿಮ್ಮ ಅಜ್ಜನಾ?”

ದೊಡ್ಡಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಊಟ ಆರಿಹೋಗಿತ್ತು, ಯಾರೂ ಕೇಳಲಿಲ್ಲ. ನಾನು ಹಾಡಿನ ಉಳಿದ ಭಾಗ ಹೇಗಿತ್ತೆಂದು ಬರೆದುಕೊಳ್ಳಲು ಕೂತೆ. ಟೇಪಿನಲ್ಲಿ ಕೊನೆಯ ಚರಣ ಇಲ್ಲವಲ್ಲ.

“ಬಸ್ಸು ಬರುವುದೇ ಇಲ್ಲ” ಎಂದರು ಮಾವ. “ಕೊನೆಗೆ ಎಲ್ಲರೂ ನಡೆದುಕೊಂಡೇ ಹೋಗುವುದು. ಅದೇ ಅದರ ಪಂಚ್.”

“ಎಂತದು ನಡೆಯುವುದು?” ಎಂದರು ದೊಡ್ಡಪ್ಪ. “ಬಸ್ಸು ಬರ್ತದೆ. ಹಾಡುವವ ಕೊನೆಗೆ ಬಂತು ಅಂತಾನೆ, ಹಾಲ್‌ನಲ್ಲಿ ಎಲ್ಲರೂ ಎದ್ದು ನಿಂತೆವು. ನನಗೆ ಸ್ಪಷ್ಟ ನೆನಪುಂಟು.”

“ಬರೆದವನು ನಾನು ಭಾವ!”

“ಬರೆದವನಿಗೆ ಎಂತ ಗೊತ್ತು? ಕೇಳಿದವನು ನಾನು.”

ಆಮೇಲಿನ ಎರಡು ಭಾನುವಾರವೂ ಮಾವ ಬೆಳ್ತಂಗಡಿಗೆ ಬಂದರು. ಬಸ್ಸು ಬಂತೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಮೂಡುಬಿದಿರೆಯ ಬೇಕರಿಗೆ ಹಾಡಿನ ಪ್ರತಿ ಕಳಿಸಿದೆ. ಅವರು ಕೇಳಿ, ಇಂಥ ಡ್ರಮ್ಸ್ ಬಾರಿಸಿದ್ದು ತಾನೇ ಹೌದು ಎಂದು ಒಪ್ಪಿ, ಆದರೆ ಅದು ಬಸ್ಸಿನ ಹಾಡಲ್ಲ, ಲಾರಿಯದ್ದು ಎಂದಿದ್ದಾರೆ.